ಹದಿನಾಲ್ಕನೇ ನಂಬರಿನಲ್ಲಿ ಎರಡು ಸಂಸಾರ

ವರ್ಜಿಲ್‌ಗೆ ಒಂದೇ ಕೊರಗು. ಡುಲೂತ್ ಊರಿನಲ್ಲಿ ಮೂವತ್ತನಾಲ್ಕು ವರ್ಷ ಹಿಮ ತುಳಿದು ಅಂಚೆ ಕಾಗದ ಹಂಚಿ ನಿವೃತ್ತನಾದವನು ಅವನು. ಅವನ ಮನೆಯಲ್ಲೇ ಟಿ.ವಿ., ಪ್ರಿಂಟರುಗಳಿಗೆ ವೈಫೈ ಡಬ್ಬ ಮನಸ್ಸಿಗೆ ಬಂದ ವಿಳಾಸ ಕೊಡುತ್ತಿತ್ತು. ಇವತ್ತು ಏಳು, ನಾಳೆ ಇಪ್ಪತ್ತು. ಅದೂ ಒಂದು ಅಂಚೆಯೇ?

ವಾರವಿಡೀ ಕೂತು ಸಾಮ್ರಾಜ್ಯ ಕಟ್ಟಿದ. ಮನೆಯ ಯಂತ್ರಗಳ ವಿಳಾಸವೆಲ್ಲ ಸೇರಿ ಒಂದು ಬೀದಿ; ಅದಕ್ಕೆ ತನ್ನ ಹಳೇ ರೂಟಿನ ಸಂಖ್ಯೆ, ನಲವತ್ತನಾಲ್ಕು. ಮಹಡಿಯ ಯಂತ್ರಗಳಿಗೆ ಬೆಸ, ಕೆಳಗಿನವಕ್ಕೆ ಸಮ. ಎಲ್ಲವನ್ನೂ ಡಬ್ಬದ ಪಟ್ಟಿಗೆ ಸೇರಿಸಿದ; ತನ್ನ ಕಂಪ್ಯೂಟರಿನ ನಂಬರನ್ನು ಮಾತ್ರ ಕಂಪ್ಯೂಟರಿನೊಳಗೇ ಕೈಯಾರೆ ಬರೆದುಕೊಂಡ (ಡಬ್ಬವನ್ನು ನಂಬುವುದು ಹೇಗೆ?).

ಹೆಸರು ಹೇಳಿದರೆ ನಂಬರು ಹುಡುಕಿಕೊಡುವ ಪುಸ್ತಕವೂ ಡಬ್ಬದಲ್ಲೇ ಇದೆಯಂತೆ, ಹೆಸರಿಡೋಣ ಎಂದಳು ಹೆಂಡತಿ ಲೆಂಪಿ.

"ಹೆಸರು ನಂಬಬಾರದು ಕಣೆ. ಜನ ಮದುವೆ ಆಗ್ತಾರೆ, ಬಿಡ್ತಾರೆ. ನಂಬರ್ ಅಲ್ಲೇ ಇರತ್ತೆ," ಎಂದು ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದ.

ಅದರಲ್ಲಿ ಅವನ ಕಂಪ್ಯೂಟರಿಗೂ ಅವಳ ಟ್ಯಾಬ್ಲೆಟ್ಟಿಗೂ ಒಂದೇ ಹದಿನಾಲ್ಕು. ಲೆಂಪಿ ಬೆರಳಿಟ್ಟು ತೋರಿಸಿದಳು.

"ಎರಡೂ ಒಂದೇ ಸೋಫಾ ಮೇಲಿರೋವು. ನನ್ನ ರೂಟಲ್ಲಿ ಬರ್ಚ್ ಬೀದಿ ಹದಿನಾಲ್ಕರಲ್ಲಿ ಎರಡು ಸಂಸಾರ ಇರ್ಲಿಲ್ವಾ? ಒಂದು ಕಾಗದನಾದ್ರೂ ತಪ್ಪಿಸಿದೀನಾ?" ಎಂದ ವರ್ಜಿಲ್.

ಶನಿವಾರ ಮಧ್ಯಾಹ್ನ ಮೂರಕ್ಕೆ ಮೊಮ್ಮಗಳು ಬ್ರಿಟ್ಟಾ ಫಾರ್ಗೋದಲ್ಲಿ ಮೊದಲ ಸಲ ಐಸ್ ಹಾಕಿಯ ಗೋಲು ಕಾಯುವವಳಿದ್ದಳು. ಅಜ್ಜಿ ನೋಡ್ತೀಯಲ್ಲ ಎಂದು ಮೂರು ಸಲ ಫೋನು ಮಾಡಿದ್ದಳು. ಲೆಂಪಿ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ಶನ್ನು ಒಲೆಯಿಂದ ತೆಗೆದಿಟ್ಟು, ಆಟದ ನೇರಪ್ರಸಾರ ನೋಡಲು ಟ್ಯಾಬ್ಲೆಟ್ ಹಿಡಿದು ಕೂತಳು. ಬ್ರಿಟ್ಟಾ ಐಸಿನ ಮೇಲೆ ಜಾರಿ ಬಂದಳು, ಚಿತ್ರ ನಿಂತಿತು. ವರ್ಜಿಲ್ ತನ್ನ ಕಂಪ್ಯೂಟರಿನಲ್ಲಿ ಹಾಕಿದ. ಅದು ಬಂದರೆ ಇದು ಸಾಯುತ್ತದೆ, ಇದು ಎದ್ದರೆ ಅದು. ಹದಿನಾಲ್ಕಕ್ಕೆ ಬಂದ ಒಂದೇ ಕಾಗದವನ್ನು ಇಬ್ಬರೂ ಎಳೆದಾಡಿದ ಹಾಗೆ.

"ಬರ್ಚ್ ಬೀದಿ ಕಾಗದದ ಮೇಲೆ ಹೆಸರು ಇರ್ತಿತ್ತಲ್ವಾ?" ಎಂದಳು ಲೆಂಪಿ, ತಣ್ಣಗೆ.

ವರ್ಜಿಲ್ ಎದ್ದು ಫ್ರಿಜ್ಜಿನ ಮೇಲಿನ ಪಟ್ಟಿ ನೋಡಲು ಹೋದ.

ಲೆಂಪಿ ಹೊಲಿಗೆ ಪೆಟ್ಟಿಗೆಯಿಂದ ಗುಂಡುಸೂಜಿ ತಂದು ಡಬ್ಬದ ಬೆನ್ನಿನ ಪುಟ್ಟ ರೀಸೆಟ್ ತೂತಿಗೆ ಚುಚ್ಚಿ ಹಿಡಿದಳು. ಸಾಮ್ರಾಜ್ಯ ಮುಳುಗಿತು. ನಲವತ್ತನಾಲ್ಕನೇ ಬೀದಿ ಅಳಿಸಿಹೋಗಿ ಡಬ್ಬ ಕಾರ್ಖಾನೆಯಿಂದ ತಂದಿದ್ದ ಹುಟ್ಟುಬೀದಿ ಮರಳಿ ಬಂತು. ತಳದಲ್ಲಿ ಅಚ್ಚಾಗಿದ್ದ ಗುಪ್ತಪದವನ್ನು ಅವಳು ಒತ್ತಿದ್ದೇ ತಡ, ಟ್ಯಾಬ್ಲೆಟ್ಟಿಗೆ ಹೊಸ ವಿಳಾಸ ಸಿಕ್ಕಿತು. ಬ್ರಿಟ್ಟಾ ಮಂಡಿ ಬಗ್ಗಿಸಿ ಕಾಯುತ್ತಿದ್ದಳು. ಇನ್ನೂ ಒಂದೂ ಗೋಲು ಬಿಟ್ಟಿರಲಿಲ್ಲ.

ವರ್ಜಿಲ್‌ನ ಕಂಪ್ಯೂಟರ್ ಮಾತ್ರ ಕೈಯಾರೆ ಬರೆದ ನಂಬರು ಬಿಡದೆ, ಇಲ್ಲದ ಬೀದಿಯಲ್ಲಿ ಕೂತಿತ್ತು. ಊರಿಗೆಲ್ಲ ವಿಳಾಸ ಹುಡುಕಿಕೊಟ್ಟವನು ಸ್ವಂತ ಮನೆಯಲ್ಲಿ ನಿರ್ವಿಳಾಸಿಯಾದ.

ಲೆಂಪಿ ಸೋಫಾದಲ್ಲಿ ಸರಿದು ಜಾಗ ಮಾಡಿದಳು. "ಬಾ, ಇಲ್ಲಿ ಎರಡು ಸಂಸಾರ ಹಿಡಿಸತ್ತೆ. ನಿನ್ನ ಕಂಪ್ಯೂಟರಿಗೆ ನಾಳೆ ಒಂದು ಹೆಸರಿಡ್ತೀನಿ. ಬರ್ತಾ ಎರಡು ತಟ್ಟೆ ಹಾಟ್‌ಡಿಶ್ ತಾ."

ಬ್ರಿಟ್ಟಾ ಮೊದಲ ಹೊಡೆತ ತಡೆಯುವಷ್ಟರಲ್ಲಿ, ತಟ್ಟೆಗಳೆರಡೂ ಸರಿಯಾದ ವಿಳಾಸಕ್ಕೆ ಬಟವಾಡೆಯಾಗಿದ್ದವು.