ಎರಡನೇ ಮಾಡೆಲ್ ನಿದ್ದೆಬೀಗ

ವೀರಭದ್ರಾಚಾರ್ ಮುಸುಕಿದ್ದ ಪಂಚೆಯನ್ನು ಎಳೆದಾಗ ಕಂಡದ್ದು ಒಂದು ಬುಗುರಿ. ಅಂಗೈ ಮೇಲೆ ಆಡಿಸುವ ಬುಗುರಿಯಲ್ಲ, ನೀರು ಕಾಯಿಸುವ ಹಂಡೆಯಷ್ಟು ದಪ್ಪದ್ದು. ಹಳದಿ, ಕೆಂಪು, ಗಿಳಿಹಸಿರು ಅರಗಿನ ಪಟ್ಟೆಗಳು ಅದರ ಮೈಮೇಲೆ ಮಿರಮಿರ ಮಿನುಗುತ್ತಿದ್ದವು. ನೆತ್ತಿಯ ಮೇಲೆ ಮರದ ಗಿಣಿಯೊಂದು ಗತ್ತಿನಿಂದ ಕುಳಿತಿತ್ತು.

“ಎರಡನೇ ಮಾಡೆಲ್ಲು,” ಅಂದರು ಆಚಾರ್. “ಹಳೇದು ಇದರ ಮುಂದೆ ಏನೇನೂ ಅಲ್ಲ ಕಣವ್ವ.”

ಚೂಡಾಮಣಿ ಆಕಳಿಸಿದಳು. ಆಚಾರ್ ಅವಳ ಗಂಡನ ಚಿಕ್ಕಪ್ಪ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮಗ್ಗುಲಲ್ಲೇ ಲೇತು ರಿಪೇರಿ ಮಾಡುತ್ತ ಮುದುಕರಾದವರು. ಬೊಂಬೆಗಳು ಸುಮ್ಮನೆ ಕೂತಿರುವುದನ್ನು ನೋಡಲಾರದೆ ಅವುಗಳಿಗೆ ಕೆಲಸ ಕಲಿಸಲು ಹೊರಟಿದ್ದರು. ಚೂಡಾಮಣಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ನಾಪತ್ತೆ. ಮಗಳು ಮೇದಿನಿ ಮಧ್ಯಾಹ್ನ ಮಲಗಿದರೆ ತಾಯಿಗೂ ನಿದ್ದೆ, ಇಲ್ಲದಿದ್ದರೆ ಇಲ್ಲ.

ಮಲಗುವುದಕ್ಕೆ ಆ ಮಗುವಿನ ಷರತ್ತುಗಳೇನು ಕಡಿಮೆಯೇ! ಫ್ಯಾನು ಕಿರ್ರೆನ್ನಬೇಕು, ಕಿಟಕಿಯಿಂದ ಬೆರಳಗಲ ಬಿಸಿಲು ಬೀಳಬೇಕು, ಎದುರುಮನೆ ಜವರಮ್ಮನ ಮಿಕ್ಸಿ ಒಂದು ಸಲ ಗೊರಗುಟ್ಟಿ ನಿಲ್ಲಬೇಕು, ಅಮ್ಮ ಆನೆಯ ಹಾಡು ಹೇಳುತ್ತ ಬೆನ್ನು ತಟ್ಟಬೇಕು. ದಿಂಬಿನ ಕವರು ಒಗೆದ ದಿನವಂತೂ ಶಿವರಾತ್ರಿ ಜಾಗರಣೆ. ಅದಕ್ಕೆಂದೇ ಆಚಾರ್ ಮೊದಲ ನಿದ್ದೆಬೀಗ ಮಾಡಿಕೊಟ್ಟಿದ್ದರು. ಮೇದಿನಿ ಸೊಗಸಾಗಿ ಮಲಗಿದ ಒಂದು ಮಧ್ಯಾಹ್ನವನ್ನು ಆ ಯಂತ್ರ ಆಲಿಸಿ, ಯಾವ ಕಿರ್ರು, ಯಾವ ಬಿಸಿಲು, ಯಾವ ತಟ್ಟು ಅನ್ನುವುದನ್ನೆಲ್ಲ ಅರಗಿನ ಪಟ್ಟಿಯ ಮೇಲೆ ಗೀರುಗೀರಾಗಿ ಕೊರೆದಿಟ್ಟುಕೊಂಡಿತ್ತು. ಅದೇ ಬೀಗಪಟ್ಟಿ. ಅದನ್ನು ತೂರಿಸಿದರೆ ಅದೇ ಮಧ್ಯಾಹ್ನ ಮತ್ತೆ ಕೋಣೆಗೆ ಬಂದು ಕೂರುತ್ತಿತ್ತು. ಕವರು ಒಗೆದಿದ್ದರೂ ಸರಿ, ಜವರಮ್ಮ ಊರಲ್ಲಿ ಇಲ್ಲದಿದ್ದರೂ ಸರಿ.

“ಹಳೇದು ಚೆನ್ನಾಗೇ ಇತ್ತಲ್ಲ ಮಾವ?”

“ಚೆನ್ನಾಗೈತೆ ಅಂತ ಬಿಟ್ಬಿಟ್ರೆ ನನ್ನ ಕೈ ಸುಮ್ಕಿರ್ತದಾ? ಇದರಲ್ಲಿ ಒಂದೊಂದು ಗೀರಿಗೂ ಇನ್ನೆರಡು ಮನೆ ಮಡಗಿವ್ನಿ. ನಿದ್ದೆ ಯಾರಿಗೆ ಅಂತ ಕೊರೆಯಾಕೆ ಒಂದು, ಎಷ್ಟು ಅಂತ ಕೊರೆಯಾಕೆ ಒಂದು.”

“ನನ್ನ ಪಟ್ಟೀಲಿ ಆ ಮನೆಗಳೇ ಇಲ್ವಲ್ಲ.”

“ಹೊಸ್ದು ಹಳೇದನ್ನ ಓದ್ತದೆ ಕಣವ್ವ. ಹಿರೀಕರಿಗೆ ಮರ್ಯಾದೆ ಕೊಡದ ಯಂತ್ರಾನ ನಾನು ಮಾಡಾಕಿಲ್ಲ.”

ಚೂಡಾಮಣಿಗೆ ವಾದಿಸುವಷ್ಟು ತ್ರಾಣವಿರಲಿಲ್ಲ. ಹೊಸದು ಬರುತ್ತದೆಂದು ಆಚಾರ್ ಹಳೆಯ ಯಂತ್ರವನ್ನು ಅಟ್ಟಕ್ಕೇರಿಸಿದ್ದ ಹಿಂದಿನ ವಾರ ಅವಳು ವಾರ್ಡಿನಲ್ಲಿ ಡ್ರಿಪ್ ಬಾಟಲಿ ಹಿಡಿದುಕೊಂಡು ನಿಂತುಕೊಂಡೇ ತೂಕಡಿಸಿದ್ದಳು. ಎಚ್ಚರವಾದಾಗ ಬೇರೊಬ್ಬ ರೋಗಿಯ ಮಂಚದ ಮುಂದೆ ನಿಂತಿದ್ದಳು. ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು. ಹೆಡ್ ಸಿಸ್ಟರ್ ಬೈಯಲಿಲ್ಲ, “ಇನ್ನೊಂದು ಸಲ ಹೀಗಾದ್ರೆ ನಾನೇ ನಿನ್ನನ್ನ ಮನೆಗೆ ಕಳಿಸ್ತೀನಿ” ಎಂದಷ್ಟೇ ಹೇಳಿದರು. ಅವರು ಮೆಲ್ಲಗೆ ಹೇಳಿದ್ದೇ ಹೆಚ್ಚು ನಾಟಿತ್ತು. ಇವತ್ತು ಸಂಜೆ ಮತ್ತೆ ಡ್ಯೂಟಿ. ನಡುವೆ ಇರುವುದು ಈ ಒಂದು ಮಧ್ಯಾಹ್ನ.

ಪಟ್ಟಿ ಒಳಗೆ ಹೋಯಿತು. ಗಿಣಿ ತಲೆದೂಗಿತು. ಬುಗುರಿ ತಿರುಗತೊಡಗಿತು, ಮೊದಲು ಬಣ್ಣಬಣ್ಣವಾಗಿ, ಆಮೇಲೆ ಬಣ್ಣಗಳೆಲ್ಲ ಕಲೆತು ಕೆನೆಹಾಲಿನಂತೆ. ಬೆರಳಗಲ ಬಿಸಿಲು ಗೋಡೆಗೆ ಒರಗಿತು. ಮೇದಿನಿಯ ರೆಪ್ಪೆ ಮುಚ್ಚಿಕೊಂಡಿತು.

“ಅಬ್ಬಾ, ಎಷ್ಟು ಬೇಗ,” ಎಂದಳು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜವರಮ್ಮ. ಅಂದವಳು ಬಾಗಿಲಿಗೇ ಒರಗಿ, ನಿಧಾನವಾಗಿ ಜಾರಿ, ಹೊಸ್ತಿಲ ಮೇಲೆ ಕೂತು, ಗೊರಕೆ ಶುರುಮಾಡಿದಳು.

ಬೀದಿಯಲ್ಲಿ ಸೌತೆಕಾಯಿ ಮರಿಯಪ್ಪ “ಸೌತೇಕಾ...” ಎಂದು ಕೂಗಿದವನು ಕೂಗನ್ನು ಪೂರ್ತಿ ಮಾಡಲಿಲ್ಲ. ಒಂದು ಸ್ಕೂಟರು ಬರಬರುತ್ತ ನಿಧಾನವಾಗಿ ಬೇವಿನ ಮರಕ್ಕೆ ತಲೆಯಾನಿಸಿ ನಿಂತಿತು. ತಂತಿಯ ಮೇಲಿನ ಕಾಗೆಗಳು ರೆಕ್ಕೆಯೊಳಗೆ ಮುಖ ಹುದುಗಿಸಿಕೊಂಡವು. ಹಸು ಮೆಲುಕನ್ನು ಅರ್ಧಕ್ಕೇ ನಿಲ್ಲಿಸಿತು. ನಲ್ಲಿಯಿಂದ ಹನಿಯೊಂದು ಇಳಿಯುವುದೋ ಬೇಡವೋ ಎಂಬಂತೆ ಜೋತಾಡಿತು.

ಚೂಡಾಮಣಿ ಇದಾವುದನ್ನೂ ಗಮನಿಸದೆ ಮಗಳ ಪಕ್ಕ ಉರುಳಿದಳು. ಕಣ್ಣು ಮುಚ್ಚಿದಳು. ಕಣ್ಣು ತೆರೆದುಕೊಂಡಿತು. ಮತ್ತೆ ಮುಚ್ಚಿದಳು. ರೆಪ್ಪೆಗೆ ಸ್ಪ್ರಿಂಗ್ ಹಾಕಿದ ಹಾಗೆ ಮತ್ತೆ ತೆರೆಯಿತು. ಅವಳ ಬಲಗೈ ತಾನಾಗಿಯೇ ಮೇಲೆದ್ದು ಗಾಳಿಯನ್ನು ತಟ್ಟುತ್ತಿತ್ತು.

“ಮಾವ, ನನಗ್ಯಾಕೆ ನಿದ್ದೆ ಬರ್ತಿಲ್ಲ?”

ಲೇತಿನ ಸದ್ದಿನಲ್ಲಿ ಬಾಳಿದ ಆಚಾರರ ಕಿವಿ ಮಂದ. ನಿದ್ದೆ ಅವರೊಳಗೆ ತಡವಾಗಿ ಇಳಿಯುತ್ತಿತ್ತು. ಅವರು ಆಕಳಿಸುತ್ತ ಬೀದಿಯತ್ತ ಇಣುಕಿ ನೋಡಿದರು.

“ಓಹೋ. ಹಳೇ ಪಟ್ಟೀಲಿ ಯಾರಿಗೆ ಅನ್ನೋ ಮನೆ ಖಾಲಿ ಅಲ್ವಾ? ಖಾಲಿ ಇದ್ರೆ ಎಲ್ರಿಗೂ ಅಂತ ಓದ್ಕಂಡದೆ.”

“ಅದ್ಯಾವ ಲೆಕ್ಕ ಮಾವ?”

“ಲಗ್ನಪತ್ರಿಕೆ ಮೇಲೆ ಹೆಸರು ಬರೀದೆ ಕೊಟ್ರೆ ಏನರ್ಥ? ಮನೆಮಂದಿಯೆಲ್ಲ, ನೆಂಟ್ರು ಇಷ್ಟ್ರು ಸಮೇತ ಬನ್ನಿ ಅಂತ. ಹಂಗೇ. ಎಷ್ಟು ಅನ್ನೋದು ಖಾಲಿ ಇದ್ರೆ ತೂಕದ ಮೇಲೆ ಕೊಸರು. ಕಡಿಮೆ ಕೊಟ್ಟು ಹೆಸರು ಕೆಡಿಸ್ಕೊಳ್ಳೋದು ನಮ್ಮ ವಂಶದಲ್ಲೇ ಇಲ್ಲ.”

“ಹಾಗಾದ್ರೆ ನಾನು? ನಾನು ಎಲ್ರೊಳಗೆ ಸೇರಿಲ್ವಾ?”

“ಪಟ್ಟಿ ಕೊರೆದ ದಿನ ನೀನು ಎದ್ದಿದ್ದೆ, ಹಾಡ್ತಿದ್ದೆ, ತಟ್ತಿದ್ದೆ. ಬೀಗ ಅಂದ್ರೆ ಬೀಗ ಕಣವ್ವ. ಇದ್ದದ್ದು ಇದ್ದಂಗೇ. ಈಗ ಇದನ್ನ ನಿಲ್ಲಿಸ್ಬೇಕು ಅಂದ್ರೆ ಮೊದ್ಲು ಆ ಗಿಣೀನ ಹಿಡ್ಕಂಡು...”

ಗಿಣಿಯನ್ನು ಹಿಡಿದುಕೊಂಡು ಏನು ಮಾಡಬೇಕೆಂದು ಹೇಳುವಷ್ಟರಲ್ಲಿ ಆಚಾರ್ ಮಣೆಯ ಮೇಲೆಯೇ ಮುದುರಿಕೊಂಡರು.

ಚೂಡಾಮಣಿ ಗಿಣಿಯನ್ನು ಹಿಡಿದಳು, ತಿರುಚಿದಳು, ಬೇಡಿಕೊಂಡಳು. ಕೊನೆಗೆ ಪಟ್ಟಿಯನ್ನೇ ಕಿತ್ತಳು. ಬುಗುರಿ ತನಗೆ ಬೇಕಾದದ್ದು ಸಿಕ್ಕಿಯಾಗಿದೆ ಎಂಬಂತೆ ತಿರುಗುತ್ತಲೇ ಇತ್ತು. ಅವಳು ಓಡಿಹೋಗಿ ಅಟ್ಟದಿಂದ ಹಳೆಯ ಯಂತ್ರವನ್ನು ಇಳಿಸಿ ಪಟ್ಟಿಯನ್ನು ಅದಕ್ಕೆ ತೂರಿಸಿದಳು. ಹಳೆಯ ಯಂತ್ರದ ಪುಟ್ಟ ಗಿಣಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿತು. ಮತ್ತೆ ತೂರಿಸಿದಳು. ಮತ್ತೆ ಒಲ್ಲೆ.

ಬಿಸಿಲಿಗೆ ಹಿಡಿದು ನೋಡಿದಾಗ ವಿಷಯ ತಿಳಿಯಿತು. ಹೊಸ ಯಂತ್ರ ಪಟ್ಟಿಯನ್ನು ಬರೀ ಓದಿರಲಿಲ್ಲ. ಯಾರೂ ಕೇಳದಿದ್ದರೂ ಅರಗನ್ನು ಕರಗಿಸಿ, ಪ್ರತಿ ಗೀರಿನ ಪಕ್ಕ ಎರಡೆರಡು ಹೊಸ ಗೀರು ಎಳೆದು, ತನ್ನ ಮಾಡೆಲ್ಲಿಗೆ ಸರಿಯಾಗಿ ತಿದ್ದಿಟ್ಟಿತ್ತು. ಅವಳ ಹಳೆಯ ಮಧ್ಯಾಹ್ನ ಹೋಗಿತ್ತು. ಅದರ ನಕಲು ಯಾರ ಹತ್ತಿರವೂ ಇರಲಿಲ್ಲ. ಹಳೆಯ ಯಂತ್ರವನ್ನು ಬೈಯುವಂತೆಯೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಒಳ್ಳೆಯ ಗುಣ ಅದಕ್ಕಿತ್ತು.

ಕೋಪಕ್ಕೂ ಶಕ್ತಿ ಬೇಕು. ಚೂಡಾಮಣಿ ಗಾಳಿ ತಟ್ಟುತ್ತಲೇ ಬೀದಿಗೆ ಇಳಿದಳು.

ಬೀದಿಯ ಬಿಸಿಲು ಹದವಾಗಿ ಕಾಸಿದ ತುಪ್ಪದಂತೆ ನಿಂತಿತ್ತು. ಮನೆಮನೆಯ ಜಗುಲಿಯಲ್ಲೂ ಜನ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಮಲಗಿದ್ದರು. ಮಲಗಿದವರೆಲ್ಲ ತುಟಿ ಆಡಿಸುತ್ತಿದ್ದರು. ಅವಳು ಬಗ್ಗಿ ಕಿವಿಗೊಟ್ಟಳು.

“ಹಸಿರಾನೆ ಪಾಯಸದ ಹೊಳೆಗೆ ಇಳೀತು,” ಎಂದಿತು ಜವರಮ್ಮನ ನಿದ್ದೆ.

“ಗೋಡಂಬಿ ದೋಣಿ ತೇಲ್ತದೆ,” ಎಂದು ಸ್ಕೂಟರಿನವನು ಮುಂದುವರಿಸಿದ.

“ದೋಣೀಲಿ ನಾನು,” ಎಂದ ಮರಿಯಪ್ಪ, ಸೌತೆಕಾಯಿಗಳ ನಡುವೆ ಬೆರಳು ಚೀಪುತ್ತ.

ಬೀದಿಗೆ ಬೀದಿಯೇ ಮೇದಿನಿಯ ಕನಸನ್ನು ಹಂಚಿಕೊಂಡು ಕಾಣುತ್ತಿತ್ತು. ಚೂಡಾಮಣಿ ಒಂದೊಂದು ಜಗುಲಿಯ ಮುಂದೆಯೂ ನಿಂತು, ಒಂದೊಂದು ಸಾಲನ್ನು ಆಯ್ದುಕೊಳ್ಳುತ್ತ ನಡೆದಳು. ಮಗಳ ಕನಸಿನೊಳಗೆ ಹೋಗಿ ಬರುವ ದಾರಿ ಹೀಗೆ ಮನೆ ಮುಂದಿನ ಬೀದಿಯಲ್ಲೇ ಇದೆಯೆಂದು ಅವಳಿಗೆ ಯಾರು ಹೇಳಿದ್ದರು? ಹಸಿರಾನೆ ಆಚೆ ದಡ ಮುಟ್ಟಿತು. ದಡದ ಮೇಲೆ ಚಂದ್ರ ಒಗೆದು ಹರವಿದ ದಿಂಬುಗಳು ಒಣಗುತ್ತಿದ್ದವು.

“ಅಮ್ಮ ಎಲ್ಲಿ?” ಎಂದು ಬೀದಿಯ ಈ ತುದಿ ಕೇಳಿತು.

“ಅಲ್ಲೇ ಅವ್ಳೆ. ನಿಂತ್ಕಂಡೇ ನಿದ್ದೆ ಮಾಡ್ತಾವ್ಳೆ,” ಎಂದಿತು ಆ ತುದಿ. “ಸದ್ದು ಮಾಡ್ಬ್ಯಾಡಿ. ಬಿದ್ಬಿಡ್ತಾಳೆ.”

ಚೂಡಾಮಣಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಕಣ್ಣಿಗೆ ನಿದ್ದೆ ಬರಲಿಲ್ಲ, ನೀರು ಬಂತು.

ಅಷ್ಟರಲ್ಲಿ ಮೇದಿನಿಗೆ ಎಚ್ಚರವಾಯಿತು. ಎಂದಮೇಲೆ ಬೀದಿಗೂ ಎಚ್ಚರವಾಯಿತು. ಎಲ್ಲರೂ ಒಟ್ಟಿಗೆ ಕಣ್ಣುಜ್ಜಿಕೊಂಡರು, ಒಟ್ಟಿಗೆ ತುಟಿ ಮುಂದೆ ಮಾಡಿದರು, ಒಟ್ಟಿಗೆ ಎರಡೂ ಕೈ ಚಾಚಿದರು.

“ಎತ್ಕೋ,” ಎಂದ ಮೀಸೆಯ ಮರಿಯಪ್ಪ.

“ನಿನ್ನ ಎತ್ಕೊಂಡ್ರೆ ಸೌತೆಕಾಯಿ ಯಾರು ಎತ್ಕೋತಾರೆ?” ಎಂದಳು ಚೂಡಾಮಣಿ. ಮೇದಿನಿ ನೀರು ಕುಡಿದ ಮೇಲೆಯೇ ಅವನಿಗೆ ವಯಸ್ಸು ವಾಪಸ್ಸು ಬಂದದ್ದು.

ಆಚಾರ್ ಕಣ್ಣುಜ್ಜಿಕೊಳ್ಳುತ್ತ, ತಿರುಗುವುದನ್ನು ನಿಲ್ಲಿಸಿದ್ದ ಬುಗುರಿಯ ಮುಂದೆ ಕೂತಿದ್ದರು. “ಒಳ್ಳೆ ನಿದ್ದೆ ಕಣವ್ವ. ಗೋಡಂಬಿ ದೋಣಿ ಬಂದಿತ್ತು.”

“ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಸಂಜೆಯೊಳಗೆ ನಾನು ಮಲಗ್ಲೇಬೇಕು. ಇಲ್ಲದಿದ್ರೆ ನನ್ನ ಕೈಯಲ್ಲಿ ಯಾರ ಜೀವವಾದ್ರೂ ಹೋದೀತು.”

ಆಚಾರರ ನಗು ಆರಿತು. ಅವರು ಕಿವಿಯ ಮೇಲೆ ಸಿಕ್ಕಿಸಿದ್ದ ಉಳಿ ತೆಗೆದು, ಅರಗಿನ ಹೊಸ ಪಟ್ಟಿ ಕಾಯಿಸಿದರು. “ಹೇಳು. ಯಾರಿಗೆ?”

“ಚೂಡಾಮಣಿಗೆ. ಚೂಡಾಮಣಿಗೆ ಮಾತ್ರ.”

“ಎಷ್ಟು?”

“ಕೊಸರು ಬೇಡ. ನಾನು ಸಾಕು ಅನ್ನೋವರೆಗೆ.”

“ಹಾಡೋರು ಯಾರು?”

“ನಾನಲ್ಲ. ಬೇರೆ ಯಾರಾದ್ರೂ ಹಾಡ್ಲಿ,” ಎಂದು ಅವಳು ಚಾಪೆಯ ಮೇಲೆ ಒರಗಿದಳು. ಯಾರಾದರೂ ಅನ್ನುವುದನ್ನು ಕೊರೆಯುವ ಗೀರು ಆಚಾರರಿಗೆ ತಿಳಿಯಲಿಲ್ಲ. ಆ ಮನೆಯನ್ನು ಖಾಲಿ ಬಿಟ್ಟರು.

ಬುಗುರಿ ತಿರುಗಿತು. ಜವರಮ್ಮ ಬಂದು ಚಾಪೆಯ ಪಕ್ಕ ಕೂತಳು. ಹಿಂದೆಯೇ ಸ್ಕೂಟರಿನವನು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದ. ಜಗುಲಿಗಳೆಲ್ಲ ಬರಿದಾಗಿ ಜನ ಅಂಗಳದಲ್ಲಿ ತುಂಬಿದರು. ತಮಗೇಕೆ ಬಾಯಿ ತೆರೆಯಿತೆಂದು ಯಾರಿಗೂ ತಿಳಿಯದು. ಬೀದಿಯೆಲ್ಲ ಒಂದೇ ಮೆಲುದನಿಯಲ್ಲಿ ಆನೆಯ ಹಾಡು ಹೇಳಿತು. ಕಾಗೆಗಳೂ ತಮಗೆ ಬಂದಷ್ಟು ಸೇರಿಸಿದವು. ಮೇದಿನಿ ಅಮ್ಮನ ಬೆನ್ನು ತಟ್ಟಿದಳು, ತಟ್ಟಿ ತಟ್ಟಿ ಸುಸ್ತಾಗಿ, ಯಾವ ಯಂತ್ರದ ಹಂಗೂ ಇಲ್ಲದೆ, ಅಮ್ಮನ ತೋಳಿನ ಮೇಲೆಯೇ ಮಲಗಿಬಿಟ್ಟಳು. ಚೂಡಾಮಣಿಗೆ ಅದು ಗೊತ್ತಾಗಲಿಲ್ಲ. ಅವಳು ಆಗಲೇ ದೋಣಿ ಹತ್ತಿಯಾಗಿತ್ತು.

ಆ ದಿನದಿಂದ ವಾರ್ಡಿನಲ್ಲಿ ಅವಳು ತೂಕಡಿಸಿದ್ದನ್ನು ಯಾರೂ ನೋಡಿಲ್ಲ. ಬೀಗ ಅಂದರೆ ಬೀಗವಾದ್ದರಿಂದ, ಮಧ್ಯಾಹ್ನವಾದರೆ ಸಾಕು, ಬೀದಿಯ ಜನ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಬಂದು ಅವಳನ್ನು ಮಲಗಿಸಿ ಹೋಗುತ್ತಾರೆ. ಮೂರನೇ ಮಾಡೆಲ್ಲಿನಲ್ಲಿ ಎಲ್ಲವನ್ನೂ ಸರಿಪಡಿಸುತ್ತೇನೆಂದು ಆಚಾರ್ ಹೇಳಿದಾಗ ಜವರಮ್ಮ ಅವರ ಉಳಿಗಳನ್ನೆಲ್ಲ ಕಸಿದು ತನ್ನ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟಳು.

ಗೊಣಗುವವನು ಮರಿಯಪ್ಪ ಒಬ್ಬನೇ. “ನಂಗೆ ಜೋಗುಳ ಬರಾಕಿಲ್ಲ ಅಂತ ಇಷ್ಟು ವರ್ಷ ಮನೇಲಿ ಹೇಳ್ಕಂಡು ಬಂದಿದ್ದೆ,” ಎಂದ ಅವನು ಗಾಡಿ ತಳ್ಳುತ್ತ. “ನಿನ್ನೆ ಮಧ್ಯಾಹ್ನ ನನ್ನ ಹೆಂಡ್ತಿ ಈ ಬೀದೀಲಿ ಹಾದುಹೋದ್ಲು.”