‘ಮರಣ’ದ ಕಪಾಟಿನಲ್ಲಿ ಹಿತ್ತಲ ದಾರಿ

ಹಳೆಯ ಕಾಗದ ಹುಡುಕುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲಿ ಇಲ್ಲ ಎಂದು ಒಂದು ಕಾಲದಲ್ಲಿ ನಂಬಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನು, ನಂಬದೆ ಏನು ಮಾಡಲಿ!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಡೆಯ ಒಂದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ನಾನು ಗುಮಾಸ್ತ. ಹಿಂದಿನವರು ಕಡತಗಳನ್ನು ಊರಿಗೊಂದು ಗಂಟು ಕಟ್ಟಿ, ಗಂಟಿನ ಬಟ್ಟೆಯ ಮೇಲೆ ಮಸಿಯಲ್ಲಿ ಊರಿನ ಹೆಸರು ಬರೆದಿದ್ದರು. ಊರು ಹೇಳಿದರೆ ಗಂಟು, ಗಂಟು ಬಿಚ್ಚಿದರೆ ಕಡತ. ಇಷ್ಟು ಸುಲಭವಾದರೆ ನನ್ನಂಥ ವಿದ್ಯಾವಂತ ಯಾಕೆ ಬೇಕು?

ದಾವಣಗೆರೆಗೆ ಹೋದಾಗ ಒಂದು ಗ್ರಂಥಾಲಯದಲ್ಲಿ ವಿಷಯವಾರು ಕಾರ್ಡುಗಳ ಪೆಟ್ಟಿಗೆ ಕಂಡೆ. ‘ಕೃಷಿ’ ಎಂದರೆ ಕೃಷಿ, ‘ವೈದ್ಯ’ ಎಂದರೆ ವೈದ್ಯ! ಜ್ಞಾನೋದಯವಾಯಿತು. ಮರಳಿ ಬಂದವನೇ ಗಂಟುಗಳನ್ನೆಲ್ಲ ಬಿಚ್ಚಿದೆ. ಪ್ರತಿ ಕಡತದ ಮೇಲಿದ್ದ ಅರ್ಜಿಯ ಮೊದಲ ನಾಲ್ಕು ಸಾಲು ಓದಿ, ವಿಷಯ ತೀರ್ಮಾನಿಸಿ, ಕಾರ್ಡು ಬರೆದು, ಆ ವಿಷಯದ ಕಪಾಟಿಗೆ ಸೇರಿಸಿದೆ. ‘ಬಡತನ’ ಎಂಬ ವಿಷಯ ಎರಡು ಕಪಾಟು ತುಂಬಿ ನೆಲಕ್ಕಿಳಿಯಿತು. ನಮ್ಮ ಸೀಮೆಯಲ್ಲಿ ಇಷ್ಟೊಂದು ಬಡತನವೇ ಎಂದು ಮರುಗಿದೆನೇ ಹೊರತು ಸಂಶಯಪಡಲಿಲ್ಲ.

ಗಂಟಿನ ಬಟ್ಟೆಗಳು ಕೊಳಕಾಗಿದ್ದವು. ಒಗೆಯಲು ಕೊಟ್ಟೆ. ಬೆಳ್ಳಗೆ ಹೊಳೆಯುತ್ತ ಬಂದವು. ಒಂದು ಊರೂ ಉಳಿದಿರಲಿಲ್ಲ!

ಆಮೇಲೆ ಒಂದು ದಿನ ಕೊಟ್ಟೂರು ಬಸ್ಸಿಳಿದು ನನ್ನ ಹೆಂಡತಿಯ ತಮ್ಮ ವೀರಭದ್ರ ಓಡಿಬಂದ.

“ಮಾವಾರ, ನಮ್ಮ ಹಿತ್ತಲ ದಾರಿಗೆ ಪಕ್ಕದ ಮನಿ ಬಸಣ್ಣ ಗೋಡಿ ಕಟ್ಟಾಕ ಕಲ್ಲು ತರಸ್ಯಾನ. ದಾರಿ ನಮ್ಮದು ಅಂತ ಅಪ್ಪನ ಕಾಲಕ್ಕ ಆದ ಹುಕುಂ ನಿಮ್ಮ ಕೋಣ್ಯಾಗ ಐತಿ. ಇವತ್ತ ಮಧ್ಯಾಹ್ನದೊಳಗ ತಹಸೀಲ್ದಾರ್ರ ಮುಂದ ಇಡಬೇಕ್ರಿ!”

“ಕೂತ್ಕೋ, ಚಾ ಕುಡಿ. ಚಾ ಆರೂದ್ರಾಗ ಕಡತ ನಿನ್ನ ಕೈಯಾಗ.”

‘ದಾರಿ’ ಕಾರ್ಡು ನೋಡಿದೆ. ಇಲ್ಲ. ‘ಗೋಡೆ’ ನೋಡಿದೆ. ಇಲ್ಲ. ‘ಹಿತ್ತಲು’, ‘ಮನೆ’, ‘ಜಗಳ’... ಚಹಾ ಆರಿತು. ವೀರಭದ್ರ ಬಿಸಿಯಾದ.

“ಮಾವಾರ, ಮೊದಲಿನಂಗ ಊರಿನ ಗಂಟು ತಗೀರಿ.”

“ಗಂಟು ಇಲ್ಲ.”

“ಎಲ್ಲಿ ಹೋಗ್ಯಾವ?”

“ವಿಷಯ ಆಗ್ಯಾವ.”

ಅಷ್ಟರಲ್ಲಿ ತಹಸೀಲ್ದಾರರ ಕರೆ ಬಂತು. ನಾನು ‘ಬಡತನ’ಕ್ಕೆ ಧುಮುಕಿದೆ. ಮೊದಲು ಕೈಗೆ ಬಂದದ್ದು ನಮ್ಮ ಕಡೆಯ ದೊಡ್ಡ ಜಮೀನುದಾರನ ಅರ್ಜಿ: “ಸ್ವಾಮಿ, ನಾನು ಬಹಳ ಬಡವ...” ಪುಟ ತಿರುವಿದೆ. ಕೇಳಿದ್ದು ತೋಟದ ಬಾವಿ! ಇನ್ನೊಂದು ಬಡವನ ಅರ್ಜಿ ಬಿಚ್ಚಿದೆ. ಕೇಳಿದ್ದು ಬಂದೂಕಿನ ಪರವಾನಗಿ!

ಆಗ ಹೊಳೆಯಿತು. ಕಚೇರಿ ಮುಂದಿನ ಬೇವಿನ ಮರದಡಿ ಅರ್ಜಿ ಬರೆಯುವವರು ಮೊದಲ ಪುಟವನ್ನು ಕಣ್ಣೀರಿಗೇ ಮೀಸಲಿಡುತ್ತಾರೆ. ಬೇಡಿಕೆ, ಹೆಸರು, ಊರು ಎಲ್ಲ ಕೊನೆಯಲ್ಲಿ. ನಾನು ವಿಷಯಗಳನ್ನು ಜೋಡಿಸಿರಲಿಲ್ಲ, ತಾಲ್ಲೂಕಿನ ಅಳುವನ್ನು ಜೋಡಿಸಿದ್ದೆ!

ಊಟದ ಬುತ್ತಿ ತಂದ ನನ್ನ ಹೆಂಡತಿ ಗೌರಮ್ಮ, ಗಂಡ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತದ್ದನ್ನೂ ತಮ್ಮ ವೀರಭದ್ರ ತಲೆ ಮೇಲೆ ಕೈ ಹೊತ್ತದ್ದನ್ನೂ ನೋಡಿ, ಸಂಗತಿ ಕೇಳಿ ತಿಳಿದಳು.

“ಆ ಅರ್ಜಿ ಬರಸೂಮುಂದ ನಾನೂ ಅಪ್ಪನ ಜೋಡಿ ಬಂದಿದ್ದೆ. ಸಣ್ಣಾಕಿದ್ದೆ. ದಾರ್ಯಾಗ ಬಸಣ್ಣ ಹಾಕಿದ್ದ ಕಲ್ಲು ಎಡವಿ ನಮ್ಮ ಎಮ್ಮಿ ಸತ್ತಿತ್ತಲ್ಲ, ಅಲ್ಲಿಂದ ಸುರು ಮಾಡಿದ್ದ ಬರಿಯಾಂವ.”

“ಎಮ್ಮಿ ಹೆಸರೇನು?”

“ಲಕ್ಷ್ಮಿ.”

‘ನಮ್ಮ ಮನೆಯ ಬೆಳಕಾಗಿದ್ದ ಲಕ್ಷ್ಮಿಯು ಅಕಾಲದಲ್ಲಿ ಅಗಲಿ...’ ಆ ಸಾಲು ಓದಿ ನಾನು ಕಣ್ಣೊರೆಸಿಕೊಂಡದ್ದು ನೆನಪಾಯಿತು, ಬಾಯಿ ತಪ್ಪಿ ಹೇಳಿಯೂಬಿಟ್ಟೆ. ಯಾರ ಮನೆಯ ಸೊಸೆಯೋ ಪಾಪ ಎಂದು ‘ಮರಣ’ದ ಕಪಾಟಿನಲ್ಲಿ ಗೌರವದಿಂದ ಇಟ್ಟಿದ್ದೆ!

“ಎಮ್ಮಿಗೆ ಅತ್ತೀರೇನ್ರೀ? ನಾ ಜ್ವರ ಬಂದು ಮಲಗಿದಾಗ ಅತ್ತಿರಲಿಲ್ಲ!”

ಕಡತ ಎದೆಗವಚಿಕೊಂಡು ಓಡಿದೆ. ತಹಸೀಲ್ದಾರರ ಜೀಪು ಆಗಲೇ ಹೊರಟುಹೋಗಿತ್ತು. ದಾಖಲೆ ಹಾಜರಾಗದ ಕಾರಣ ಗೋಡೆಗೆ ತಡೆ ಇಲ್ಲ ಎಂದು ಬರೆದಿಟ್ಟು ಹೋಗಿದ್ದರು. ಬಸಣ್ಣ ಆ ವಾರವೇ ಗೋಡೆ ಎಬ್ಬಿಸಿದ.

“ಮ್ಯಾಲಿನ ಆಫೀಸಿಗೆ ನಾನೇ ಕಡತ ಕಳಸ್ತೀನಿ,” ಎಂದೆ.

ವೀರಭದ್ರ ಕೈ ಮುಗಿದ. “ನಿಮ್ಮ ಕಾಲಿಗೆ ಬೀಳ್ತೀನಿ ಮಾವಾರ, ನೀವು ಏನೂ ಕಳಸಬ್ಯಾಡ್ರಿ.”

ಕಡತಗಳನ್ನು ಮತ್ತೆ ಊರುವಾರು ಕಟ್ಟುವ ಹುಕುಂ ನನಗೇ ಆಯಿತು. ಪ್ರತಿ ಅರ್ಜಿಯನ್ನೂ ಕೊನೆಯ ಪುಟದವರೆಗೆ ಓದಿದೆ. ಊರು ಯಾವುದೆಂದು ತಿಳಿಯಲು ಬೇರೆ ದಾರಿಯೇ ಇರಲಿಲ್ಲ. ಅದೇ ನನ್ನ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಅಲ್ಲ. ನಿಜವಾದದ್ದು ಅತ್ತೆಮನೆಯಲ್ಲಿ ಕಾದಿತ್ತು.

ಆ ಗೋಡೆ ಇಂದಿಗೂ ಗಟ್ಟಿಯಾಗಿದೆ. ಅತ್ತೆಮನೆಗೆ ಹೋದರೆ, ಬೆಳಿಗ್ಗೆ ಎದ್ದು ಚೊಂಬು ಹಿಡಿದು ಹಿತ್ತಲಿಗೆ ಹೋಗಲು ಮುಂಬಾಗಿಲಿನಿಂದ ಹೊರಟು, ಓಣಿಯೆಲ್ಲ ಸುತ್ತಬೇಕು. ದಾರಿಯಲ್ಲಿ ಬಸಣ್ಣನ ಕಟ್ಟೆ. ಮುದುಕನಾದರೂ ಅವನ ಕಣ್ಣು ಚುರುಕು. ನನ್ನ ಕೈಯ ಚೊಂಬು ನೋಡಿ, ಬಹಳ ಮರ್ಯಾದೆಯಿಂದ ಎದ್ದು ನಿಂತು ಕೇಳುತ್ತಾನೆ:

“ಏನ್ ಸಾಹೇಬ್ರ, ಇಷ್ಟು ಮುಂಜಾನಿ... ಯಾವ ವಿಷಯಕ್ಕ ಹೊಂಟೀರಿ?”