ಇಂಕು ಉಳಿಸಿದ ಪ್ರತಾಪ

ಪ್ರಿಂಟರ್ ಇರೋ ಮನೇಲಿ ವಾರಕ್ಕೊಂದು ಪ್ರಸಂಗ ಆಗಲಿಲ್ಲ ಅಂದರೆ ಪ್ರಿಂಟರ್ ಕೆಟ್ಟಿದೆ ಅಂತಲೇ ಅರ್ಥ. ಹೆಬ್ಬಗೋಡಿಯ ನಮ್ಮ ವಠಾರದಲ್ಲಿ ಮನೇಲೇ ಫೋಟೋ ಪ್ರಿಂಟ್ ಹಾಕೋ ಗಂಡು ನಾನೊಬ್ಬನೇ. ಊರಲ್ಲಿ ಒಂದೇ ಬಕೆಟ್ ನೀರಲ್ಲಿ ಎಮ್ಮೆ ತೊಳೆದು, ಮಿಕ್ಕಿದ್ದರಲ್ಲಿ ಸ್ನಾನ ಮಾಡಿದವನು ನಾನು. ಇಂಕು ಉಳಿಸೋದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

೧. ತಿಥಿ ಫೋಟೋ

ಓನರ್ ಆಂಟಿ ತಮ್ಮ ಮಾವನವರ ವರ್ಷದ ತಿಥಿಗೆ ಒಂದು ಫೋಟೋ ಕೇಳಿದರು. ಇಂಕು ಕಮ್ಮಿ ಕುಡಿಯೋ ಡ್ರಾಫ್ಟ್ ಮೋಡ್‌ಗೆ ಹಾಕಿ ಹೊಡೆದೆ. ಅಜ್ಜ ಮಂಜಿನೊಳಗಿಂದ ಇಣುಕಿದಂಗೆ ಬಂದರು.

ಆಂಟಿ ಕಿಟಕಿ ಬೆಳಕಿಗೆ ಹಿಡಿದು ನೋಡಿದರು. "ಏನಪ್ಪಾ, ನಮ್ಮ ಮಾವನೋರು ಹೋಗಿ ವರ್ಷ ಆಯ್ತು. ನಿನ್ನ ಫೋಟೋದಲ್ಲಿ ಇನ್ನೂ ಹೋಗ್ತಾನೇ ಅವ್ರಲ್ಲ!"

೨. ಬಿಳಿ ಬೆಡ್‌ಶೀಟು

ಹಿಂದುಗಡೆ ಬಿಳಿ ಇದ್ದರೆ ಅಲ್ಲಿ ಇಂಕೇ ಬೀಳಲ್ಲ. ಇದು ನಾನೇ ಕಂಡುಹಿಡಿದ ಸೂತ್ರ. ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೋಗೋ ನನ್ನ ರೂಮ್‌ಮೇಟು ಊರಿಗೆ ಕಳಿಸೋಕೆ ಫೋಟೋ ಬೇಕು ಅಂದ. ಬಿಳಿ ಬೆಡ್‌ಶೀಟು ಕಟ್ಟಿ, ಬಿಳಿ ಶರ್ಟು, ಬಿಳಿ ಪಂಚೆ ಉಡಿಸಿ, ಬ್ರೈಟ್‌ನೆಸ್ ಏರಿಸಿ ಹೊಡೆದೆ. ಬಂದಿದ್ದು ಒಂದು ತಲೆ, ಎರಡು ಕೈ, ಎರಡು ಪಾದ.

"ಮಗಾ, ಮಿಕ್ಕಿದ್ದೆಲ್ಲೋ?"

"ಉಳಿಸಿದೀನಿ ಗುರು!"

೩. ವರನ ಫೋಟೋ

ಇದು ಮಾತ್ರ ನನ್ನ ಬಾಳಿನ ಪ್ರಶ್ನೆ. ಸರ್ಜಾಪುರದಲ್ಲೊಂದು ಹುಡುಗಿ ನೋಡಿದ್ದರು. ಅವಳ ಫೋಟೋ ಮೊದಲೇ ಬಂದಿತ್ತು, ಕಪ್ಪು-ಬಿಳುಪಲ್ಲಿ. "ಏನ್ ಟೇಸ್ಟು ನೋಡೋ!" ಅಂತ ರೂಮ್‌ಮೇಟಿಗೆ ಹತ್ತು ಸಲ ತೋರಿಸಿದ್ದೆ. ಆದರೆ ಮಾತು ಮುಂದುವರಿಯಬೇಕಾದರೆ ನನ್ನ ಫೋಟೋ ಹೋಗಬೇಕು.

"ಅವ್ರಜ್ಜಿ ಮೊಬೈಲಲ್ ನೋಡಕ್ಕಿಲ್ವಂತೆ. ಸ್ಟುಡಿಯೋಗೋಗಿ ತೆಗ್ಸು ಮಗ" ಅಂದಳು ಅವ್ವ ಫೋನಲ್ಲಿ.

ಸ್ಟುಡಿಯೋಗೆ? ನಾನು? ಗೌರಿ ಹಬ್ಬದಲ್ಲಿ ಆಂಟಿ ತಮ್ಮ ಕೆಂಪು ರೇಷ್ಮೆ ಸೀರೆಯ ಫೋಟೋ ಹೊಡೆಸೀ ಹೊಡೆಸೀ ಕೆಂಪು ಇಂಕು ಮುಗಿದಿತ್ತು, ನಿಜ. ಮಿಕ್ಕ ಬಣ್ಣ ಇತ್ತಲ್ಲ! ಹೊಡೆದೆ. ಬಲಿತ ಹೀರೇಕಾಯಿ ಥರ ಹಳದಿ-ಹಸಿರಾಗಿ ಬಂದೆ. ಮೀಸೆ ಮಾತ್ರ ಸಕ್ಕತ್ತಾಗಿ ಬಂದಿತ್ತು. ಅದನ್ನೇ ಕಳಿಸಿದೆ.

ಮೂರನೇ ದಿನ ಅವ್ವನ ಗೋಳು. "ಹುಡ್ಗನಿಗೆ ಕಾಮಾಲೆನಾ ಅಂತ ಕೇಳ್ತಾವ್ರೆ ಕಣ್ಲಾ! ಸಂಬಂಧ ತಪ್ಪೋಯ್ತದೆ!"

ಅವತ್ತೇ ಸರ್ಜಾಪುರಕ್ಕೆ ಓಡಿದೆ, ಅಸಲಿ ಮುಖ ತೋರಿಸೋಕೆ. ಅಜ್ಜಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಲಿಗೆ ಚಾಚಿಸಿ, ಉಗುರು ಒತ್ತಿ, "ಗಟ್ಟಿಯಾಗವ್ನೆ" ಅಂತ ಪಾಸು ಮಾಡಿದರು. ಹುಡುಗಿ ಕಾಫಿ ಕೊಡುತ್ತಾ ಮೆಲ್ಲಗೆ ಕೇಳಿದಳು, "ಕೆಂಪು ಖಾಲಿನಾ?"

"ನಿಮಗೆಂಗೆ ಗೊತ್ತಾಯ್ತು?"

"ನಮ್ಮನೇಲೂ ಪ್ರಿಂಟರ್ ಇದೆ ಕಣ್ರೀ. ನನ್ನ ಫೋಟೋ ಯಾಕೆ ಕಪ್ಪು-ಬಿಳುಪು ಅಂದ್ಕೊಂಡ್ರಿ? ಕೆಂಪು, ಹಳದಿ, ನೀಲಿ ಮೂರೂ ಖಾಲಿ!"

ಅಲ್ಲೇ ಒಪ್ಪಿಬಿಟ್ಟೆ. ಇಂಕು ಉಳಿಸೋದರಲ್ಲಿ ನನ್ನನ್ನ ಯಾರೂ ಸೋಲಿಸಿರಲಿಲ್ಲ. ಇವಳು ಎರಡು ಬಣ್ಣ ಮುಂದಿದ್ದಳು.